ತಿಳೀಲಿಲ್ಲ ಅನ್ನೋ ಕೆಲಸ

ನನ್ನ ಕುರ್ಚಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಬಂದು ತಾಯಕ್ಕ ಕುರ್ಚಿ ಆಸೆಗೆ ಹಾಗೆ ಮಾಡಿದಳು, ಹೀಗೆ ಮಾಡಿದಳು ಅನ್ನಬಾರದು. ಆಸೆ ಇತ್ತು. ಇರಲಿಲ್ಲ ಅಂತ ಯಾಕೆ ಸುಳ್ಳು ಹೇಳಲಿ. ಬೆತ್ತದ ಕುರ್ಚಿ ಅದು, ಎಡಗೈ ಇಡುವ ಜಾಗ ಸವೆದು ನುಣ್ಣಗಾಗಿದೆ, ಕೂತರೆ ಸ್ವಲ್ಪ ಬಲಕ್ಕೆ ವಾಲುತ್ತದೆ. ಅದರ ಮೇಲೆ ಮೂವತ್ತೊಂದು ವರ್ಷ ಕೂತು, ನಮ್ಮೂರ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಮಕ್ಕಳು ಬರೆದದ್ದನ್ನೆಲ್ಲ ಯಂತ್ರಕ್ಕೆ ಓದಿ ಹೇಳಿದವಳು ನಾನು.

ನಮ್ಮೂರಲ್ಲಿ ಯಂತ್ರಗಳು ಬರೆದವರ ಮಾತು ಕೇಳುವುದಿಲ್ಲ. ಯಾವಾಗಿನಿಂದ ಹಾಗೆ ಅಂತ ನನಗೆ ಗೊತ್ತಿಲ್ಲ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ನೀರಿನ ಪಂಪು ಏನು ಮಾಡಬೇಕು ಅಂತ ನೀವು ಚೀಟಿಯಲ್ಲಿ ಬರೆದರೆ, ಪಕ್ಕದ ಮನೆಯವರು ಬಂದು ಪಂಪಿನ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಬರೀ ಓದಿದರೆ ಸಾಲದು, ಓದಿದವರಿಗೆ ಅರ್ಥವಾಗಿರಬೇಕು. ಅರ್ಥವಾಗದೆ ಗಿಳಿಪಾಠ ಒಪ್ಪಿಸಿದರೆ ಪಂಪು ಸುಮ್ಮನೆ ಕೂತಿರುತ್ತದೆ. ಅದಕ್ಕೇ ನಮ್ಮೂರಲ್ಲಿ ಪಕ್ಕದ ಮನೆಯವರ ಜೊತೆ ಜಗಳ ಆಡುವವರು ಕಡಿಮೆ. ಆಡಿದವರು ಕೊಡ ಹೊತ್ತುಕೊಂಡು ಬಾವಿಗೆ ಹೋಗಬೇಕು. ಹೊಸದಾಗಿ ಮದುವೆಯಾದ ಹುಡುಗ ಹೆಂಡತಿ ಬರೆದ ಮಿಕ್ಸಿ ಚೀಟಿ ಓದಿ, ಮೊದಲ ಸಲಕ್ಕೇ ಮಿಕ್ಸಿ ತಿರುಗಿತು ಅಂದರೆ ಹೆಣ್ಣಿನ ಕಡೆಯವರು ಬೀದಿಗೆಲ್ಲ ಸಿಹಿ ಹಂಚುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು ಚೀಟಿ ಚಾಚಿ "ಇದೊಂದು ಓದಿ ಕೊಡ್ತೀರಾ" ಅಂದರೆ ಇಲ್ಲ ಅನ್ನುವ ಹಾಗಿಲ್ಲ. ಓದಿ ಮುಗಿಸಿ "ತಿಳೀತು" ಅನ್ನಬೇಕು. ಅದು ಯಂತ್ರಕ್ಕೆ ಬೇಕಾಗಿಲ್ಲ, ಮರ್ಯಾದೆಗೆ. "ತಿಳೀಲಿಲ್ಲ" ಅಂತ ಮುಖದ ಮೇಲೆ ಹೇಳುವುದು ನಮ್ಮಲ್ಲಿ ಒರಟುತನ. ತಿಳಿಯದಿದ್ದರೆ ಜನ "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ" ಅನ್ನುತ್ತಾರೆ.

ವಿಶ್ವವಿದ್ಯಾಲಯದವರಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿದೆ. ಒಂದೊಂದು ಮಗುವಿಗೂ ಒಬ್ಬೊಬ್ಬ ಓದುವವರನ್ನು ಎಲ್ಲಿಂದ ತರುವುದು ಅಂತ ಯೋಚಿಸಿ, ಓದುಗಿತ್ತಿ ಅಂತ ಒಂದು ಹುದ್ದೆ ಮಾಡಿದರು. ಇಪ್ಪತ್ತಾರನೇ ವಯಸ್ಸಿಗೆ ನಾನು ಅಲ್ಲಿ ಸೇರಿಕೊಂಡೆ. ಆಗ ಪಾಠ ಮಾಡುತ್ತಿದ್ದವರು ಗುರುಪಾದಯ್ಯ ಸರ್. ಒಳ್ಳೆಯ ಮನುಷ್ಯ, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅವರ ಹತ್ತಿರ ನಲವತ್ತು ಪ್ರೋಗ್ರಾಮುಗಳ ಒಂದು ನೋಟ್ಸ್ ಇತ್ತು, ಹಾಳೆ ಹಳದಿಯಾಗಿ ಅಂಚು ಉದುರುತ್ತಿತ್ತು. ಅದನ್ನವರು ಬೋರ್ಡಿನ ಮೇಲೆ ಬರೆಯುವರು, ಮಕ್ಕಳು ಇಳಿಸಿಕೊಂಡು ಉರು ಹೊಡೆಯುವರು. ಪರೀಕ್ಷೆಯಲ್ಲಿ ಆ ನಲವತ್ತರಲ್ಲೇ ನಾಲ್ಕು ಬರುತ್ತಿದ್ದವು. ನೆನಪಿದ್ದಷ್ಟು ಬರೆದು, ಮರೆತದ್ದನ್ನು ಬಿಟ್ಟು, ಹಾಳೆ ತಂದು ನನ್ನ ಕೈಗೆ ಕೊಡುವರು. ನಾನು ಓದಿ "ತಿಳೀತು" ಅನ್ನುವೆ. ಯಂತ್ರದ ಹಸಿರು ದೀಪ ಹತ್ತುವುದು. ದೀಪ ಹತ್ತಿದರೆ ಪಾಸು.

ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ದೀಪ ಹತ್ತದೆ ಇರಲಿಲ್ಲ. ಗೇಟಿನ ಪಕ್ಕ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು, ಕಂಪ್ಯೂಟರ್ ವಿಭಾಗ, ಫಲಿತಾಂಶ ಶೇಕಡ ನೂರು. ರಿಜಿಸ್ಟ್ರಾರ್ ವೆಂಕೋಬರಾಯರು ಯಾರೇ ದೊಡ್ಡವರು ಬಂದರೂ ಮೊದಲು ಆ ಗೋಡೆ ಮುಂದೆ ನಿಲ್ಲಿಸುತ್ತಿದ್ದರು. ಆ ನೂರು ನನ್ನದು ಅಂತ ನನಗೆ ಒಳಗೊಳಗೇ ಜಂಬ. ಸೀರೆ ಸೆರಗು ಸರಿಮಾಡಿಕೊಂಡು ಆ ಗೋಡೆ ಪಕ್ಕದಲ್ಲೇ ನಡೆದು ಬರುತ್ತಿದ್ದೆ.

ಪದವಿ ಮುಗಿಸಿ ಹೋದ ಮಕ್ಕಳೂ ನನ್ನನ್ನು ಮರೆತಿರಲಿಲ್ಲ. ಡೈರಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದವರು ಸಂಜೆ ನಾಲ್ಕೂವರೆಗೆ ಹಾಳೆ ಹಿಡಿದುಕೊಂಡು ವಿಭಾಗದ ಹಿಂಬಾಗಿಲಿಗೆ ಬರುತ್ತಿದ್ದರು. "ಅಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ ತಾಯಕ್ಕ, ನೀವೇ ಬಂದು ಒಂದ್ಸಲ ಓದಿ" ಅನ್ನುವರು. ನಾನು ರಿಕ್ಷಾ ಹತ್ತಿ ಹೋಗಿ ಓದಿ ಬರುತ್ತಿದ್ದೆ. ಹಾಲಿನ ಯಂತ್ರವೋ ಎಕ್ಸ್‌ರೇ ಯಂತ್ರವೋ ನನ್ನ ಮಾತಿಗೆ ಎದ್ದು ಕೂರುತ್ತಿತ್ತು. ಮನೆಗೆ ಬಂದು ಯಜಮಾನರಿಗೆ ಹೇಳುತ್ತಿದ್ದೆ, ನೋಡಿ, ದೊಡ್ಡ ಕೆಲಸದಲ್ಲಿದ್ದರೂ ಎಷ್ಟು ವಿಶ್ವಾಸ ಇಟ್ಟುಕೊಂಡಿದ್ದಾರೆ ಅಂತ.

ಗುರುಪಾದಯ್ಯ ಸರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ನಸೀಮಾ ಮೇಡಂ ಬಂದರು. ಮೂವತ್ತೈದರ ಒಳಗಿನ ಹೆಂಗಸು, ಸಣ್ಣ ಆಳು, ಚಪ್ಪಲಿ ಸದ್ದಾಗದ ಹಾಗೆ ನಡೆಯುವರು. ಮೊದಲ ವಾರ ಪಾಠವನ್ನೇ ಮಾಡಲಿಲ್ಲ. ಲ್ಯಾಬಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ನಾನು ಓದುವುದನ್ನು ನೋಡುತ್ತಾ ಕೂತರು. ಎಂಟನೇ ದಿನ ಸಂಜೆ ಹಿಂಬಾಗಿಲ ಹತ್ತಿರ ಬಂದರು.

"ತಾಯಕ್ಕ, ಇವರೆಲ್ಲ ಯಾರು?"

"ನಮ್ಮ ಹಳೇ ಮಕ್ಕಳು ಮೇಡಂ. ಅವನು ಮೂರು ವರ್ಷದ ಹಿಂದೆ ಚಿನ್ನದ ಪದಕ ತಗೊಂಡೋನು."

"ಚಿನ್ನದ ಪದಕ ತಗೊಂಡೋನು ನಿಮ್ಮ ಹತ್ರ ಯಾಕೆ ನಿಂತಿದಾನೆ?"

"ಅವನು ಬರೆದಿದ್ದು ಅಲ್ಲಿ ಯಾರಿಗೂ ತಿಳಿಯಲ್ಲವಂತೆ, ಪಾಪ. ಅಲ್ಲಿಯೋರು ಅಷ್ಟು ಓದಿಲ್ಲ."

ಮಾರನೇ ದಿನ ಮೇಡಂ ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟರು. ಸುಧನ್ವ ಬರೆದದ್ದು. ಸುಧನ್ವ ಅಂದರೆ ಕೊನೆಯ ವರ್ಷದ ಇಪ್ಪತ್ತೆರಡು ಮಕ್ಕಳಲ್ಲಿ ಎಲ್ಲರಿಗಿಂತ ಚುರುಕಾದವನು, ನನ್ನ ಪ್ರಾಣ. ಬೇರೆಯವರು ಹದಿನೈದು ಸಾಲಲ್ಲಿ ಬರೆಯುವುದನ್ನು ಅವನು ನಾಲ್ಕು ಸಾಲಲ್ಲಿ ಬರೆಯುತ್ತಿದ್ದ. ಕ, ಗ, ಟ ಅಂತ ಒಂದೊಂದೇ ಅಕ್ಷರದಲ್ಲಿ ಎಲ್ಲವನ್ನೂ ಅಡಗಿಸಿಡುವನು, ಅದನ್ನು ಬಿಡಿಸಿ ಓದುವುದೇ ನನಗೊಂದು ಖುಷಿ. ಅವತ್ತಿನ ಹಾಳೆಯಲ್ಲೂ ಏನು ಬರೆದಿದ್ದಾನೆ ಅಂತ ಕಣ್ಣಾಡಿಸಿದ ಕೂಡಲೇ ಗೊತ್ತಾಯಿತು. ಯಂತ್ರದ ಮುಂದೆ ಓದಿದೆ. ತಿಳೀತು ಅಂದೆ. ಹಸಿರು ದೀಪ ಹತ್ತಿತು.

"ತಾಯಕ್ಕ, ಬೇಜಾರು ಮಾಡ್ಕೋಬೇಡಿ. ಆ ಹಾಳೇಲಿ ನಡುವಿನ ಎರಡು ಸಾಲು ನಾನು ಅಳಿಸಿಬಿಟ್ಟಿದ್ದೆ" ಅಂದರು ಮೇಡಂ.

ತಿರುಗಿಸಿ ನೋಡಿದೆ. ಎರಡೇ ಸಾಲು ಇತ್ತು. ನಡುವೆ ಬಿಳೀ ಜಾಗ. ಇಲ್ಲದ ಎರಡು ಸಾಲನ್ನು ನಾನು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದ್ದೆ. ಕುರ್ಚಿ ಹಿಡಿದುಕೊಂಡು ಕೂತೆ.

"ನೀವು ಹಾಳೆ ಓದ್ತಿಲ್ಲ. ಮಗೂನ ಓದ್ತಿದೀರಿ. ಅದು ದೊಡ್ಡ ವಿದ್ಯೆ, ನನಗೆ ಬರಲ್ಲ. ಆದರೆ ಇವರು ಹೊರಗೆ ಹೋದ ಮೇಲೆ ಇವರನ್ನ ಓದೋರು ಯಾರೂ ಸಿಗಲ್ಲ."

ಎಷ್ಟು ಮೆತ್ತಗೆ ಹೇಳಿದರೂ ಸಿಟ್ಟು ಬರುವ ಮಾತು ಅದು. ಬಂತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೆ. ಈ ಹುಡುಗಿ ಯಾವಾಗಲೂ ಕೊನೇ ಸಾಲು ಬರೆಯೋಕೆ ಮರೀತಾಳೆ, ನಾನೇ ಸೇರಿಸಿಕೊಂಡು ಓದುತ್ತೇನೆ. ಆ ಹುಡುಗ ಹೆಚ್ಚು ಅನ್ನೋ ಕಡೆ ಕಮ್ಮಿ ಅಂತ ಬರೀತಾನೆ, ನಾನೇ ತಿರುಗಿಸಿಕೊಂಡು ಓದುತ್ತೇನೆ. ಹೀಗೆ ಮೂವತ್ತೊಂದು ವರ್ಷ. ಗೋಡೆ ಮೇಲಿನ ಆ ನೂರು ನಿಜವಾಗಿಯೂ ನನ್ನದೇ ಆಗಿತ್ತು, ಮಕ್ಕಳದಾಗಿರಲಿಲ್ಲ. ಅವರ ಮೇಲಿನ ಅಕ್ಕರೆಯಿಂದ ಅವರ ಕೈಕಾಲು ಕಟ್ಟಿಹಾಕಿದ್ದೆ ಅನ್ನಿಸಿ ಅಡಿಗೆಮನೆಯಲ್ಲಿ ಕೂತು ಅತ್ತೆ.

ಅತ್ತೆ ನಿಜ. ಹಾಗಂತ ಕುರ್ಚಿ ಬಿಟ್ಟುಕೊಡಲು ಮನಸ್ಸಿತ್ತು ಅಂದುಕೊಳ್ಳಬೇಡಿ.

ನಸೀಮಾ ಮೇಡಂ ಪಾಠದ ಪದ್ಧತಿಯನ್ನೇ ಬದಲಾಯಿಸಬೇಕು ಅಂತ ಸಭೆಯಲ್ಲಿ ಕೇಳಿದರು. ನಲವತ್ತು ಪ್ರೋಗ್ರಾಮು ಬೇಡ, ಉರು ಹೊಡೆಯೋದು ಬೇಡ, ಒಬ್ಬಳೇ ಓದುಗಿತ್ತಿ ಬೇಡ. ಒಂದೊಂದು ಮಗುವೂ ಈ ಕ್ಯಾಂಪಸ್ಸಿಗೋ ಊರಿಗೋ ಬೇಕಾದ್ದು ಒಂದನ್ನು ತಾನೇ ಯೋಚಿಸಿ ಬರೆಯಲಿ. ಪರೀಕ್ಷೆ ದಿನ ಮಾರ್ಕೆಟ್ಟಿನ ಜನರ ಹೆಸರು ಡಬ್ಬಿಯಲ್ಲಿ ಹಾಕಿ ಎತ್ತೋಣ, ಯಾರ ಹೆಸರು ಬಂತೋ ಅವರು ಓದಲಿ. ಅವರಿಗೆ ತಿಳಿಯದಿದ್ದರೆ ಮಗು ತಿದ್ದಿಕೊಂಡು ಬರಲಿ, ಇನ್ನೊಬ್ಬರ ಹೆಸರು ಎತ್ತೋಣ. ಸಂಜೆ ಐದರ ತನಕ ಎಷ್ಟು ಸಲ ಬೇಕಾದರೂ ತಿದ್ದಲಿ.

ವೆಂಕೋಬರಾಯರು ಕನ್ನಡಕ ಒರೆಸಿಕೊಂಡು ಕೇಳಿದರಂತೆ, "ಬಳೆ ಮಾರೋರು ಬಂದು ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆ ಮಾಡ್ತಾರಾ?"

"ಹೌದು ಸರ್. ಇವರು ನಾಳೆ ಬರೆಯೋದು ಅವರಿಗೋಸ್ಕರ ತಾನೆ?"

ಒಂದು ವರ್ಷ ಮಾಡಿ ನೋಡಿ ಅಂತ ಒಪ್ಪಿದರು. ಷರತ್ತು ಒಂದೇ. ಗೋಡೆ ಮೇಲೆ ನೂರು ಅಂತಿದೆ, ನೂರೇ ಇರಬೇಕು. ಒಬ್ಬನೇ ಒಬ್ಬ ಫೇಲಾದರೂ ಹಳೇ ಪದ್ಧತಿ ವಾಪಸ್ಸು, ತಾಯಕ್ಕನ ಕುರ್ಚಿ ವಾಪಸ್ಸು. ಅಲ್ಲಿಯ ತನಕ ಕುರ್ಚಿ ಉಗ್ರಾಣಕ್ಕೆ ಹೋಯಿತು, ನಾನು ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಹಾಕಲು ಹೋದೆ.

ನಾನು ಓದುವುದು ನಿಲ್ಲಿಸಿದ ಮೊದಲ ಸೋಮವಾರವೇ ಗೋಪುರದ ಗಂಟೆ ನಿಂತುಹೋಯಿತು. ಅದರ ಚೀಟಿಯನ್ನು ಯಾವನೋ ಹಳೇ ವಿದ್ಯಾರ್ಥಿ ಬರೆದಿದ್ದ, ವಾರಕ್ಕೊಮ್ಮೆ ಲ್ಯಾಬಿನ ಯಂತ್ರಕ್ಕೆ ನಾನೇ ಓದಬೇಕಿತ್ತು. ಬೇರೆ ಯಾರು ಓದಿದರೂ ಅದು ಅಲ್ಲಾಡಲಿಲ್ಲ. ಕ್ಲಾಸು ಬಿಡುವ ಹೊತ್ತಿಗೆ ಜವಾನರು ವರಾಂಡದಲ್ಲಿ ಕೂಗಿಕೊಂಡು ಹೋಗಬೇಕಾಯಿತು. ನನಗೆ ಒಳಗೆ ಸಂತೋಷವಾಯಿತು. ಕೆಟ್ಟ ಸಂತೋಷ ಅದು, ಆದರೂ ಆಯಿತು.

ಲೈಬ್ರರಿ ಕಿಟಕಿಯಿಂದ ಲ್ಯಾಬು ಕಾಣಿಸುತ್ತದೆ. ಮೊಹರು ಹಾಕುತ್ತಾ ಅತ್ತಲೇ ನೋಡುತ್ತಿದ್ದೆ. ಮೇಡಂ ಮೊದಲ ಒಂದು ತಿಂಗಳು ಮಕ್ಕಳ ಕೈಯಲ್ಲಿ ಒಂದಕ್ಷರ ಬರೆಸಲಿಲ್ಲ. ಅವರವರ ಬೀದಿಯ ಚೀಟಿಗಳನ್ನು ತರಿಸಿ ಓದಿಸಿದರು. ದರ್ಜಿಯ ಹೊಲಿಗೆ ಯಂತ್ರದ ಚೀಟಿ, ಬೇಕರಿ ಒಲೆಯ ಚೀಟಿ. ಬೇಕರಿಯವನ ಹೆಂಡತಿ ಏಳನೇ ಕ್ಲಾಸು ಓದಿದವಳು, ಅವಳು ಬರೆದ ಚೀಟಿಯನ್ನು ಇಪ್ಪತ್ತೆರಡು ಜನರಲ್ಲಿ ಯಾರು ಓದಿದರೂ ಒಲೆ ಹತ್ತಿತಂತೆ. ಯಾಕೆ ಹತ್ತಿತು ಅಂತ ಒಂದು ವಾರ ಚರ್ಚೆ. ಆಮೇಲೆ ಮಕ್ಕಳು ಬರೆದು, ಒಬ್ಬರದನ್ನು ಇನ್ನೊಬ್ಬರು ಓದಿ, "ತಿಳೀಲಿಲ್ಲ" ಅನ್ನುವುದನ್ನು ಕಲಿತರು. ಮೊದಮೊದಲು ಅಳು, ಜಗಳ. ಇಬ್ಬರು ಹುಡುಗಿಯರು ಹದಿನೈದು ದಿನ ಮಾತು ಬಿಟ್ಟಿದ್ದರು. ಬರಬರುತ್ತಾ ಆ ಮಾತು ಕ್ಯಾಂಟೀನಿಗೂ ಬಂತು. ಟೀ ಕುಡಿಯುತ್ತಾ ಒಬ್ಬ ಏನೋ ಹೇಳಿದರೆ ಇನ್ನೊಬ್ಬ ಆರಾಮಾಗಿ "ತಿಳೀಲಿಲ್ಲ, ಮತ್ತೊಂದ್ಸಲ ಹೇಳು" ಅನ್ನುವನು. ನನಗೆ ಕೇಳಿ ಮೈ ಉರಿಯುತ್ತಿತ್ತು, ಏನು ಕಾಲ ಬಂತು ಅಂತ.

ಸುಧನ್ವ ಮಾತ್ರ ಬದಲಾಗಲಿಲ್ಲ. ಲೈಬ್ರರಿಗೆ ಬಂದು ನನ್ನ ಮೇಜಿಗೆ ಒರಗಿ ನಿಲ್ಲುತ್ತಿದ್ದ. "ನಾಲ್ಕು ಸಾಲಲ್ಲಿ ಆಗೋದನ್ನ ಇಪ್ಪತ್ತು ಸಾಲು ಬರಿ ಅಂತಾರೆ ತಾಯಕ್ಕ. ಕ ಅಂತ ಬರೆದ್ರೆ ಕ ಅಂದ್ರೇನು ಅಂತಾರೆ. ಇದು ಕಂಪ್ಯೂಟರ್ ಸೈನ್ಸಾ, ಅಂಗನವಾಡೀನಾ?" ನಾನು ಅವನ ತಲೆ ಸವರಿ, ನೀನು ನಿನ್ನ ಹಾಗೇ ಬರಿ ಮಗಾ ಅನ್ನುತ್ತಿದ್ದೆ. ನೋಡಿ, ಅಷ್ಟಾದರೂ ಬುದ್ಧಿ ಬಂದಿರಲಿಲ್ಲ ನನಗೆ.

ಪರೀಕ್ಷೆ ದಿನ ಬಂತು. ಮಾರ್ಕೆಟ್ಟಿನಿಂದ ಜನ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಪಂಕ್ಚರ್ ಅಂಗಡಿಯವನು, ಔಷಧಿ ಅಂಗಡಿಯ ಕಾಂಪೌಂಡರು, ಗರಡಿಮನೆಯ ಪೈಲ್ವಾನರು, ನಮ್ಮ ಪಕ್ಕದ ಮನೆಯ ಬಳೆ ಹುಸೇನ್‌ಬಿ. ವಿಶ್ವವಿದ್ಯಾಲಯದ ಒಳಗೆ ಅವರಲ್ಲಿ ಬಹಳ ಜನ ಅವತ್ತೇ ಮೊದಲು ಕಾಲಿಟ್ಟದ್ದು. ನನ್ನನ್ನು ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿದ್ದರು, ಒಳಗೆ ಬರುವ ಹಾಗಿಲ್ಲ ಅಂತ. ಬಾಗಿಲು ತೆರೆದೇ ಇತ್ತು, ಎಲ್ಲ ಕಾಣಿಸುತ್ತಿತ್ತು.

ಬೆಳಿಗ್ಗೆ ಹತ್ತರಿಂದ ಶುರು. ಮೊದಲ ಸಲಕ್ಕೇ ಆರು ಜನರದು ಹತ್ತಿತು. ಉಳಿದವರದು ಇಲ್ಲ. ಪೈಲ್ವಾನರು ಒಂದು ಹಾಳೆ ಓದಿ, ಬೆವರು ಒರೆಸಿಕೊಂಡು, "ತಾಯೀ, ಇಲ್ಲಿ ಮುಗಿಯೋ ತನಕ ಅಂತ ಬರೆದಿದೀಯ, ಯಾವುದು ಮುಗಿಯೋ ತನಕ?" ಅಂದರು. ಆ ಹುಡುಗಿ ಹಣೆ ಚಚ್ಚಿಕೊಂಡು ಹಾಳೆ ಕಿತ್ತುಕೊಂಡು ಓಡಿ ತಿದ್ದಿ ತಂದಳು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕಾಯಿತು. ಮೂರು ಗಂಟೆಗೆ ಹತ್ತೊಂಬತ್ತು. ಪ್ರತಿ ಸಲ ದೀಪ ಹತ್ತಿದಾಗ ಓದಿದವರೂ ಬರೆದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಆ ನಗು ನನ್ನ ಕಾಲದಲ್ಲಿ ಇರಲಿಲ್ಲ. ಆಗ ಮಕ್ಕಳು ದೀಪವನ್ನಷ್ಟೇ ನೋಡುತ್ತಿದ್ದರು.

ನಾಲ್ಕು ಗಂಟೆಗೆ ಇಪ್ಪತ್ತೊಂದಾಯಿತು. ಸುಧನ್ವ ಒಬ್ಬ ಉಳಿದ.

ಅವನು ಬರೆದದ್ದು ಗೋಪುರದ ಗಂಟೆಗೆ. ನಾಲ್ಕು ಸಾಲು. ಕಾಂಪೌಂಡರು ಓದಿದರು, ಆಗಲಿಲ್ಲ. ಹುಸೇನ್‌ಬಿ ಓದಿದಳು, ಆಗಲಿಲ್ಲ. ಅವನು ತಿದ್ದಿದ್ದೇನು ಅಂದರೆ, ನಾಲ್ಕು ಸಾಲು ಇದ್ದದ್ದನ್ನು ಮೂರು ಮಾಡಿಕೊಂಡು ಬಂದ. ಪಂಕ್ಚರ್ ಅಂಗಡಿಯವನು ಓದಿ, "ಸ್ವಾಮೀ, ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ" ಅಂದುಬಿಟ್ಟ. ಡಬ್ಬಿ ಖಾಲಿಯಾಯಿತು. ಅಂಗಡಿ ತೆಗೆಯಬೇಕು ಅಂತ ಒಬ್ಬೊಬ್ಬರೇ ಎದ್ದು ಹೋದರು. ಸುಧನ್ವ ಗೋಡೆಗೆ ಒರಗಿ ನಿಂತಿದ್ದ, ಮುಖ ಬಿಳುಚಿತ್ತು. ಫೇಲಾಗುವುದು ಹೇಗಿರುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವನು ಫೇಲಾದರೆ ಉಳಿದ ಇಪ್ಪತ್ತೊಂದು ಜನರ ವರ್ಷವಿಡೀ ಪಟ್ಟ ಪಾಡೂ ನೀರಿಗೆ ಹಾಕಿದ ಹಾಗೆ ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

ವೆಂಕೋಬರಾಯರು ಗಡಿಯಾರ ನೋಡಿಕೊಂಡು ಹೊರಗೆ ಬಂದರು. ಅವರಿಗೆ ಯಾರ ಮೇಲೂ ದ್ವೇಷ ಇಲ್ಲ, ಗೋಡೆ ಮೇಲಿನ ನೂರು ಉಳಿಯಬೇಕು ಅಷ್ಟೆ.

"ತಾಯಕ್ಕ, ಬನ್ನಿ. ಓದಿಬಿಡಿ. ನೂರು ನೂರಾಗುತ್ತೆ, ಮೇಡಂ ಪದ್ಧತಿ ಉಳಿಯುತ್ತೆ, ಹುಡುಗ ಪಾಸಾಗ್ತಾನೆ. ಯಾರಿಗೇನು ನಷ್ಟ?"

ನಸೀಮಾ ಮೇಡಂ ಬಾಗಿಲಲ್ಲಿ ನಿಂತಿದ್ದರು. ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಪಾಪ, ಅವರ ಒಂದು ವರ್ಷದ ಶ್ರಮ ಅಲ್ಲವಾ. ಸುಧನ್ವ ಓಡಿ ಬಂದು ಹಾಳೆ ನನ್ನ ಮಡಿಲಲ್ಲಿ ಇಟ್ಟ.

ನೋಡಿದೆ. ನೋಡಿದ ಕೂಡಲೇ ತಿಳಿಯಿತು. ಎಂಥ ಚಂದದ ಕೆಲಸ ಅಂತೀರಿ, ಮೂರು ಸಾಲಿನಲ್ಲಿ ವಾರದ ಏಳು ದಿನ, ಶನಿವಾರದ ಅರ್ಧ ದಿನ, ಪರೀಕ್ಷೆ ದಿನ ಎಲ್ಲ ಕೂತಿದ್ದವು. ಒಳಗೆ ಹೋಗಿ ಬಾಯಿ ಬಿಟ್ಟರೆ ಸಾಕು, ಗಂಟೆ ಹೊಡೆಯುತ್ತಿತ್ತು. ಹೊಡೆಸಿದರೆ ಇದು ಹಾಳೆಯಿಂದ ಹೊಡೆದದ್ದಲ್ಲ, ನನ್ನಿಂದ ಹೊಡೆದದ್ದು. ನಾಳೆಯಿಂದ ಹಿಂಬಾಗಿಲಲ್ಲಿ ಸುಧನ್ವನೂ ನಿಲ್ಲುತ್ತಾನೆ. ಒಲ್ಲೆ ಅಂದರೋ, ಹುಡುಗ ಫೇಲು, ಉಗ್ರಾಣದಿಂದ ನನ್ನ ಕುರ್ಚಿ ಬರುತ್ತದೆ, ಊರೆಲ್ಲ ತಾಯಕ್ಕ ಕುರ್ಚಿಗೋಸ್ಕರ ಮಗೂನ ಮುಳುಗಿಸಿದಳು ಅನ್ನುತ್ತದೆ. ಆ ಹಾಳೆಯನ್ನು ಎರಡು ಸಲ ಮಡಿಸಿ ಬಿಚ್ಚಿದೆ.

ಆಮೇಲೆ ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಆಡದ ಮಾತು ಆಡಿದೆ.

"ತಿಳೀಲಿಲ್ಲ."

ಸುಧನ್ವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. "ತಾಯಕ್ಕ, ಟೈಮಿಲ್ಲ."

"ಅರ್ಧ ಗಂಟೆ ಇದೆ, ಕೂತ್ಕೋ. ಈ ಕ ಅಂದ್ರೇನು?"

"ಎಷ್ಟು ಸಲ ಹೊಡೀಬೇಕು ಅನ್ನೋದು. ನಿಮಗೆ ಗೊತ್ತು."

"ಎರಡನೇ ಸಾಲಲ್ಲಿ ಅದು ಇದ್ದಕ್ಕಿದ್ದ ಹಾಗೆ ಸೊನ್ನೆ ಆಯ್ತಲ್ಲ, ಯಾಕೆ?"

"ಪರೀಕ್ಷೆ ದಿನ ಅಲ್ವಾ, ಗಲಾಟೆ ಆಗಬಾರದು ಅಂತ."

"ಪರೀಕ್ಷೆ ಅಂತ ಎಲ್ಲಿ ಬರೆದಿದೀಯ? ತೋರಿಸು."

ಅವನು ಹಾಳೆ ನೋಡಿದ. ಎಲ್ಲೂ ಬರೆದಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ನಾಚಿಕೆಗೋ ಗೊತ್ತಿಲ್ಲ. "ನಿಮಗೆ ಅರ್ಥ ಆಗಿದೆ. ಆಗಿಲ್ಲ ಅಂತ ಸುಳ್ಳು ಹೇಳ್ತಿದೀರಿ" ಅಂದ.

"ನನಗೆ ನೀನು ಗೊತ್ತು ಮಗಾ. ಈ ಹಾಳೆ ಗೊತ್ತಿಲ್ಲ. ಇಷ್ಟು ದಿನ ನಾನು ಮಾಡಿದ್ದೇ ತಪ್ಪು. ನಿನಗೆ ಕೈ ಮುಗೀತೀನಿ, ನನ್ನನ್ನ ಗುರುತಿಲ್ಲದೋಳು ಅಂದ್ಕೊಂಡು ಬರಿ."

ಹಾಳೆ ಎತ್ತಿಕೊಂಡು ಇನ್ನೊಂದು ಸಲ ಓದಿಕೊಂಡ. ಆಮೇಲೆ ಜೇಬಿನಿಂದ ಪೆನ್ನು ತೆಗೆದ. ಬೆಂಚಿನ ಮೇಲೆ ಹಾಳೆ ಇಟ್ಟು ನೆಲದ ಮೇಲೆ ಮಂಡಿಯೂರಿ ಕೂತು ಬರೆದ. ಒಂದೊಂದು ಸಾಲಿಗೂ ನಾನು ತಿಳೀಲಿಲ್ಲ ಅಂದೆ, ಒಂದೊಂದು ಸಲ ಅಂದಾಗಲೂ ನನಗೆ ನೋಯುತ್ತಿತ್ತು. ಕ ಹೋಗಿ 'ಹೊಡೆಯಬೇಕಾದ ಸಲ' ಅಂತ ಆಯಿತು. ಸೊನ್ನೆಯ ಮುಂದೆ 'ಪರೀಕ್ಷೆ ನಡೆಯುತ್ತಿದ್ದರೆ' ಅಂತ ಬಂತು. ಮಕ್ಕಳೆಲ್ಲ ಬಂದು ಸುತ್ತ ನಿಂತರು. ಒಬ್ಬ ಹುಡುಗಿ ಬಗ್ಗಿ ನೋಡಿ, ಪರೀಕ್ಷೆ ಮುಗಿದ ಮೇಲೆ ಏನು ಅಂತ ಕೇಳಿದಳು. ಅವನು ಅವಳನ್ನು ಗದರಲಿಲ್ಲ. ಇನ್ನೊಂದು ಸಾಲು ಸೇರಿಸಿದ. ಹದಿಮೂರು ಸಾಲಾಯಿತು.

ಐದಕ್ಕೆ ಎಂಟು ನಿಮಿಷ ಇತ್ತು. ಓದಲು ಯಾರೂ ಇಲ್ಲ. ಮಕ್ಕಳು ಒಬ್ಬರದೊಬ್ಬರು ಓದಿ ಪಳಗಿದವರು, ಅವರು ಓದುವ ಹಾಗಿಲ್ಲ. ಮೇಡಂ ಕಲಿಸಿದವರು, ಅವರೂ ಓದುವ ಹಾಗಿಲ್ಲ. ನಾನು ಎದ್ದು ಹಾಳೆಯನ್ನು ವೆಂಕೋಬರಾಯರ ಮುಂದೆ ಹಿಡಿದೆ.

"ಇದೊಂದು ಓದಿ ಕೊಡ್ತೀರಾ?"

ನಮ್ಮೂರಲ್ಲಿ ಹಾಗೆ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ ಅಂದೆನಲ್ಲ. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ಇತಿಹಾಸ ಓದಿದೋನು ತಾಯಕ್ಕ. ಮನೇಲಿ ಗೀಸರ್ ಚೀಟೀನೂ ನನ್ನ ಕೈಲಿ ಓದಿಸಲ್ಲ. ಇದೆಲ್ಲ ನನಗೆ ಬರಲ್ಲ."

"ಬರದೋರೇ ಬೇಕಾಗಿರೋದು ಸರ್" ಅಂದರು ನಸೀಮಾ ಮೇಡಂ. ಆ ಸಂಜೆ ಅವರು ಆಡಿದ ಮೊದಲ ಮಾತು ಅದು.

ರಾಯರು ಒಳಗೆ ಹೋದರು. ಯಂತ್ರದ ಮುಂದೆ ನಿಂತು, ಪ್ರಾರ್ಥನೆಗೆ ನಿಂತವರ ಹಾಗೆ ಕೋಟಿನ ಗುಂಡಿ ಹಾಕಿಕೊಂಡರು. ಓದಲು ಶುರು ಮಾಡಿದರು. ಐದು ಸಾಲು ಸಲೀಸಾಗಿ ಹೋಯಿತು. ಆರನೇ ಸಾಲಿಗೆ ನಿಂತರು. ಓದುವಾಗ ಬರೆದವರು ಬಾಯಿ ಬಿಡಬಾರದು. ಸುಧನ್ವ ತುಟಿ ಕಚ್ಚಿಕೊಂಡ. ರಾಯರು ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿಕೊಂಡು ಬಂದರು. "ಪರೀಕ್ಷೆ ನಡೆಯುತ್ತಿದ್ದರೆ ಹೊಡೆಯಬೇಕಾದ ಸಲ ಸೊನ್ನೆ" ಅಂತ ಓದಿ, ಒಂದು ಕ್ಷಣ ಬಿಟ್ಟು, ಅವರ ಮುಖ ಅರಳಿತು. ಹಿಂದೆಲ್ಲ ಪರೀಕ್ಷೆ ದಿನ ಗಂಟೆಯ ಸದ್ದು ತಡೆಯಲಾರದೆ ಜವಾನನನ್ನು ಗೋಪುರ ಹತ್ತಿಸಿ ಗಂಟೆಗೆ ಗೋಣಿಚೀಲ ಸುತ್ತಿಸುತ್ತಿದ್ದವರು ಅವರೇ. ಇಪ್ಪತ್ತು ವರ್ಷದ ಅವರ ಗೋಳು ಆ ಸಾಲಿನಲ್ಲಿತ್ತು. ಅಲ್ಲಿಂದ ಮುಂದೆ ಅವರ ದನಿಯೇ ಬದಲಾಯಿತು, ಕಥೆ ಓದುವ ಹಾಗೆ ಓದಿದರು. "ಪರೀಕ್ಷೆ ಮುಗಿದ ಗಂಟೆಯಿಂದ ಮತ್ತೆ ಎಂದಿನ ಹಾಗೆ" ಅನ್ನುವ ಕೊನೆಯ ಸಾಲು ಓದಿ, ಹಾಳೆ ಕೆಳಗಿಳಿಸಿ, ಮೆಲ್ಲಗೆ ಅಂದರು.

"ತಿಳೀತು."

ಏನೂ ಆಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ನಸೀಮಾ ಮೇಡಂ ನನ್ನ ಕೈ ಹಿಡಿದುಕೊಂಡಿದ್ದರು, ಯಾವಾಗ ಹಿಡಿದರೋ ಗೊತ್ತಿಲ್ಲ. ಆಗ ಹಸಿರು ದೀಪ ಹತ್ತಿತು. ಐದು ಗಂಟೆ ಆಗಿತ್ತು, ಪರೀಕ್ಷೆ ಮುಗಿದಿತ್ತು. ಗೋಪುರದ ಮೇಲಿಂದ ದಬ್, ದಬ್, ದಬ್ ಅಂತ ಹಾಸಿಗೆ ಕೊಡವಿದ ಹಾಗೆ ಐದು ಸಲ ಸದ್ದು ಬಂತು. ಏನಿದು ಅಂತ ಎಲ್ಲರೂ ಮೇಲೆ ನೋಡಿದೆವು. ಹೋದ ವರ್ಷದ ಪರೀಕ್ಷೆಗೆ ಸುತ್ತಿದ ಗೋಣಿಚೀಲ ಹಾಗೇ ಇತ್ತು, ಬಿಚ್ಚಿಸುವ ಮೊದಲೇ ಗಂಟೆ ನಿಂತಿತ್ತು, ಆಮೇಲೆ ಯಾರೂ ನೆನೆಸಿಕೊಂಡಿರಲಿಲ್ಲ. ಮೊದಲು ನಕ್ಕವರು ವೆಂಕೋಬರಾಯರು.

"ಇನ್ಮೇಲೆ ಆ ಚೀಲ ಬೇ..." ಅಂದವರಿಗೆ ಮಾತು ಮುಂದೆ ಬರಲಿಲ್ಲ. ಸುಧನ್ವ ಬಂದು ಅವರ ಕಾಲಿಗೆ ಬೀಳಲು ಬಗ್ಗಿದ್ದ, ಅವರು ಹಿಡಿದೆತ್ತಿ ಹೇಳಿದರು, "ಹಳೇ ಸಾಮ್ರಾಜ್ಯಗಳ ಬಗ್ಗೆ ಓದಿದೀನಿ ಕಣಯ್ಯಾ, ಅರ್ಥ ಆಗಿದೆ ಅಂತ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ."

ನಾನು ಬೆಂಚಿಗೆ ಬಂದು ಕೂತು ಅತ್ತೆ. ಕುರ್ಚಿ ಹೋಯಿತು ಅಂತಲೂ ಅತ್ತೆ, ಗಂಟೆ ಹೊಡೆಯಿತು ಅಂತಲೂ ಅತ್ತೆ. ಹೋಗಲಿ ಬಿಡಿ.

ಕುರ್ಚಿ ಹೋಗಲಿಲ್ಲ. ಜೂನ್ ತಿಂಗಳಲ್ಲಿ ಮೇಡಂ ಅದನ್ನು ಉಗ್ರಾಣದಿಂದ ತರಿಸಿ ಮೊದಲನೇ ವರ್ಷದವರ ಕ್ಲಾಸಿನಲ್ಲಿ ಹಾಕಿಸಿದರು. ಈಗ ಅದರ ಬೆನ್ನು ಯಂತ್ರದ ಕಡೆಗಿದೆ, ಮುಖ ಮಕ್ಕಳ ಕಡೆಗೆ. ಹೊಸ ಮಕ್ಕಳು ಬಂದು ಹಾಳೆ ಕೊಡುತ್ತಾರೆ, ಅವರು ಎಲ್ಲಿ ಎಡವುತ್ತಾರೆ ಅಂತ ನನಗೆ ಬೇಗ ಗೊತ್ತಾಗುತ್ತದೆ, ಅಲ್ಲಿ ಬೆರಳಿಟ್ಟು ತಿಳೀಲಿಲ್ಲ ಅನ್ನುತ್ತೇನೆ. ಅದೇ ನನ್ನ ಕೆಲಸ. ಹಿಂಬಾಗಿಲಿಗೆ ಬರುವವರು ಕಡಿಮೆಯಾದರು. ಬಂದವರನ್ನೂ ಒಳಗೆ ಕರೆದು ಮಕ್ಕಳ ಪಕ್ಕದಲ್ಲಿ ಕೂರಿಸಿ ಬರೆಸುತ್ತೇವೆ, ಚಿನ್ನದ ಪದಕದವನನ್ನೂ ಸೇರಿಸಿ. ಗೋಡೆ ಮೇಲಿನ ನೂರು ಅಳಿಸಿಲ್ಲ, ಈ ಸಲ ಅದರ ಕೆಳಗೆ ಸಣ್ಣದಾಗಿ ಓದಿದವರ ಹೆಸರೂ ಬರೆಸಿದ್ದಾರೆ. ರಾಯರು ದೊಡ್ಡವರು ಬಂದಾಗ ಈಗ ತಮ್ಮ ಹೆಸರಿನ ಮುಂದೆ ನಿಲ್ಲಿಸುತ್ತಾರೆ.

ಹೋದ ಭಾನುವಾರ ನಾನೂ ಒಂದು ಚೀಟಿ ಬರೆದೆ. ಮೂವತ್ತೊಂದು ವರ್ಷ ಬೇರೆಯವರದನ್ನು ಓದಿದವಳು, ನನ್ನದು ಅಂತ ಒಂದು ಸಾಲು ಬರೆದಿರಲಿಲ್ಲ. ಮನೆಯಲ್ಲಿ ಬರೆಯುವುದು ಯಜಮಾನರು, ಓದುವುದು ನಾನು. ಅಡಿಗೆ ಒಲೆಗೆ ಬರೆದೆ, ಹಾಲು ಉಕ್ಕಿ ಚೆಲ್ಲಬಾರದು ಅಂತ. ಯಜಮಾನರು ಓದಿದರೆ ನನ್ನನ್ನು ತಿಳಿದುಕೊಂಡುಬಿಡುತ್ತಾರೆ ಅಂತ ಅವರಿಗೆ ಕೊಡಲಿಲ್ಲ. ಹುಸೇನ್‌ಬಿಯನ್ನು ಕರೆದೆ. ಅವಳು ಓದಿ, ಪರೀಕ್ಷೆ ಮಾಡಿ ಬಂದ ಗತ್ತಿನಲ್ಲಿ ನನ್ನ ಮುಖ ನೋಡಿ, "ಉಕ್ಕೋ ಮುಂಚೆ ಅಂದ್ರೆ ಎಷ್ಟು ಮುಂಚೆ ತಾಯಕ್ಕ? ತಿಳೀಲಿಲ್ಲ" ಅಂದಳು. ಮುಖಕ್ಕೆ ನೀರೆರಚಿದ ಹಾಗಾಯಿತು. ಎಷ್ಟು ಮಕ್ಕಳಿಗೆ ಈ ಮಾತು ಹೇಳಿದ್ದೇನೆ, ಕೇಳಿಸಿಕೊಂಡದ್ದು ಅವತ್ತೇ. ಪೆನ್ಸಿಲ್ ತಗೊಂಡು ಮತ್ತೆ ಕೂತೆ. ಸಾಯಂಕಾಲದ ತನಕ ಅವಳು ಬಂದು ಹೋಗಿ ಮಾಡಿದಳು. ಐದನೇ ಸಲ ಓದಿ ಮುಗಿಸಿ "ತಿಳೀತು" ಅಂದಾಗ ಒಲೆ ತಾನಾಗಿ ಹತ್ತಿತು. ಜನ್ಮದಲ್ಲಿ ನಾನು ಬರೆದ ಮಾತನ್ನು ಒಂದು ಯಂತ್ರ ಕೇಳಿದ್ದು ಅದೇ ಮೊದಲು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ಮಕ್ಕಳು ನಕ್ಕ ಹಾಗೇ ನಕ್ಕೆವು. ಬಹಳ ಹೊತ್ತಾದ ಮೇಲೆ ಯಜಮಾನರು ಬಾಗಿಲಲ್ಲಿ ಬಂದು ನಿಂತು, ಒಲೆ ಮೇಲೆ ಹಾಲೇ ಇಟ್ಟಿಲ್ಲವಲ್ಲ ಅಂತ ಕೇಳಿದರು.